ಮೊದಲು ರಿಫಿಲ್, ಆಮೇಲೆ ಪೆನ್ನು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಸಾಮಾನ್ಯವಾಗಿ ಇಲ್ಲಿ ನಾವು ದುಡ್ಡಿನ ವಿಷಯ ಮಾತಾಡ್ತೀವಿ. ಎಸ್‌ಐಪಿ, ಇನ್ಶೂರೆನ್ಸ್, ಬಾಡಿಗೆ ಮನೆ ಅಡ್ವಾನ್ಸು, ಇಂಥದ್ದು. ಇವತ್ತಿನ ವಿಷಯ ಕೇಳಿ ನಗಬೇಡಿ. ಪೆನ್ನು.

ಹೌದು, ಬರೆಯೋ ಪೆನ್ನು. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ನಿಮಗೆ ಇಷ್ಟವಾದ ಒಂದು ಜೆಲ್ ರಿಫಿಲ್ ಇದೆ, ಅದು ಕೂರುವಂಥ ಒಂದು ಚೆಂದದ ಪೆನ್ ಬಾಡಿ ಬೇಕು. ಅಷ್ಟೇ. ಇದು ಎಷ್ಟು ಸುಲಭ ಅನ್ಸುತ್ತಲ್ವಾ? ನನಗೆ ಇದಕ್ಕೆ ಹಿಡಿದದ್ದು ಐದು ತಿಂಗಳು. ಒಂದು ಪೆನ್ನು ವೇಸ್ಟ್ ಆಯ್ತು, ಇನ್ನೊಂದು ಪೇಪರ್‌ವೇಟ್ ಆಯ್ತು. ಆ ಕಥೆ ಹೇಳ್ತೀನಿ. ಕಥೆಯ ಜೊತೆ ಅಳತೆಗಳನ್ನೂ ಹೇಳ್ತೀನಿ, ಯಾಕಂದ್ರೆ ನಾನು ಹುಡುಕುವಾಗ ಕನ್ನಡದಲ್ಲಿ ಯಾರಾದ್ರೂ ಇದನ್ನ ನೆಟ್ಟಗೆ ಹೇಳಿದ್ರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸಿತ್ತು.

ಬೀರುವಿನಲ್ಲಿ ಮಲಗಿದ್ದ ಪೆನ್ನು

ನಮ್ಮಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದರು. ಮದ್ದೂರಿನ ಹತ್ತಿರದ ಒಂದು ಹಳ್ಳಿ. ನಿವೃತ್ತಿಯಾದ ದಿನ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಒಂದು ಪೆನ್ನು ಕೊಟ್ಟರು. ಸ್ಟೀಲ್ ಬಾಡಿ, ಚಿನ್ನದ ಬಣ್ಣದ ಕ್ಲಿಪ್, ಮೈಮೇಲೆ ಅಮ್ಮನ ಹೆಸರು ಕೆತ್ತಿಸಿದ್ದರು. ವೆಲ್ವೆಟ್ ಡಬ್ಬಿ. ಆ ಡಬ್ಬಿ ಆವತ್ತಿನಿಂದ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲೇ ಇತ್ತು. ಮನೆಗೆ ಯಾರಾದ್ರೂ ಬಂದಾಗ ಹೊರಗೆ ಬರೋದು, ನೋಡಿದ್ರು, ಒಳಗೆ ಹೋಯ್ತು.

ಈಗ ಅಮ್ಮ ಊರಿನ ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಬರೀತಾರೆ. 16 ಜನ ಸದಸ್ಯರು. ವಾರಕ್ಕೊಂದು ಸಭೆ. ಯಾರು ಎಷ್ಟು ಉಳಿತಾಯ ಕಟ್ಟಿದ್ರು, ಯಾರ ಸಾಲದ ಕಂತು ಬಂತು, ಯಾರದ್ದು ಬಾಕಿ, ಸಭೆಯಲ್ಲಿ ಏನು ತೀರ್ಮಾನ ಆಯ್ತು, ಎಲ್ಲ ಕೈಬರಹ. ಬ್ಯಾಂಕಿನವರು ಬಂದ್ರೂ ಆ ಪುಸ್ತಕವನ್ನೇ ನೋಡೋದು. ಅಮ್ಮನ ಅಕ್ಷರ ಹೇಗಿತ್ತು ಅಂದ್ರೆ, ಅಚ್ಚು ಹಾಕಿದ ಹಾಗೆ. ಬೋರ್ಡ್ ಮೇಲೆ ಮೂವತ್ತು ವರ್ಷ ಬರೆದ ಕೈ.

ಹೋದ ವರ್ಷ ಹಬ್ಬಕ್ಕೆ ಹೋದಾಗ ಆ ಪುಸ್ತಕ ತಿರುವಿ ಹಾಕಿದೆ. ಅಕ್ಷರ ಬದಲಾಗಿತ್ತು. ಸಾಲು ಇಳೀತಾ ಇತ್ತು. 'ರೂ' ಬರೆಯೋ ಕಡೆ ಬರೀ ಒಂದು ಗೆರೆ. ಕೇಳಿದ್ರೆ, "ಹೆಬ್ಬೆರಳ ಬುಡ ನೋಯುತ್ತೆ ಕಣೇ, ಒತ್ತಿ ಬರೆಯೋಕಾಗಲ್ಲ. ಯುಗಾದಿ ಆದ್ಮೇಲೆ ಪುಸ್ತಕ ಬೇರೆಯವರಿಗೆ ಕೊಟ್ಬಿಡ್ತೀನಿ" ಅಂದ್ರು. ಹೇಳಿದ್ದು ಸಲೀಸಾಗಿ. ಆದ್ರೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮಂಡ್ಯದಲ್ಲಿ ಡಾಕ್ಟರ್‌ಗೆ ತೋರಿಸಿದ್ವಿ. ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಅಂದ್ರು. ಫಿಸಿಯೋಥೆರಪಿ ಮಾಡೋರು ಒಂದು ಮಾತು ಹೇಳಿದ್ರು: ಪೆನ್ನಿನ ಹಿಡಿತ ಸ್ವಲ್ಪ ದಪ್ಪ ಇರಲಿ, ತೂಕ ಕಡಿಮೆ ಇರಲಿ, ಒತ್ತದೆ ಬರೆಯೋ ಪೆನ್ನಾಗಲಿ. ಆ ಮೂರು ಮಾತನ್ನ ನೆನಪಿಟ್ಟುಕೊಳ್ಳಿ. ನಾನು ಒಂದನ್ನ ಮರೆತೆ, ಅದಕ್ಕೆ ದಂಡ ಕಟ್ಟಿದೆ.

ಒತ್ತದೆ ಬರೆಯೋದು ಅಂದ್ರೇನು?

ಆವತ್ತು ಸಂಜೆ ನನ್ನ ಬ್ಯಾಗಿನಲ್ಲಿದ್ದ ಪೆಂಟೆಲ್ ಎನರ್‌ಜೆಲ್ ತೆಗೆದು ಅಮ್ಮನ ಕೈಗೆ ಕೊಟ್ಟೆ. 0.7 ಮೊನೆಯದ್ದು. ಬಿ.ಕಾಂ. ಓದುವಾಗಿಂದ ನಾನು ಅದೇ ಬರೆಯೋದು. ಮೂರು ಗಂಟೆಯ ಅಕೌಂಟ್ಸ್ ಪೇಪರ್ ಮುಗಿಸಿ ಹೊರಗೆ ಬಂದಾಗ ಬೆರಳು ಬೆರಳಾಗಿಯೇ ಇರುತ್ತಿತ್ತು ಅನ್ನೋ ಒಂದೇ ಕಾರಣಕ್ಕೆ. ಅಮ್ಮ ಒಂದು ಪುಟ ಬರೆದರು. ಬರೆದು, ಪೆನ್ನಿನ ಮೊನೆಯನ್ನೊಮ್ಮೆ ನೋಡಿ, "ಇದು ತಾನೇ ಓಡುತ್ತಲ್ಲ" ಅಂದ್ರು.

ಯಾಕೆ ತಾನೇ ಓಡುತ್ತೆ? ಮಾಮೂಲಿ ಬಾಲ್‌ಪೆನ್ನಿನ ಇಂಕು ಎಣ್ಣೆಯ ಅಂಶದ್ದು, ಪೇಸ್ಟ್ ಥರ ಗಟ್ಟಿ. ಅದನ್ನ ಕಾಗದಕ್ಕೆ ಇಳಿಸೋಕೆ ಗುಂಡನ್ನ ಒತ್ತಿ ಉರುಳಿಸಬೇಕು. ಜೆಲ್ ಇಂಕು ನೀರಿನ ಅಂಶದ್ದು, ಆದರೆ ಜೆಲ್ ರೂಪದಲ್ಲಿರುತ್ತೆ. ಸುಮ್ಮನಿದ್ದಾಗ ಗಟ್ಟಿ, ಗುಂಡು ಉರುಳಿದ ತಕ್ಷಣ ತೆಳ್ಳಗೆ. ಟೊಮ್ಯಾಟೊ ಸಾಸ್ ಬಾಟಲಿ ಗೊತ್ತಲ್ಲ? ತಲೆಕೆಳಗೆ ಮಾಡಿದ್ರೂ ಬರಲ್ಲ, ಎರಡು ಸಲ ತಟ್ಟಿದ್ರೆ ದಬಕ್ ಅಂತ ಬೀಳುತ್ತೆ. ಹೆಚ್ಚೂಕಡಿಮೆ ಅದೇ ಗುಣ. ಹಾಗಾಗಿ ಒತ್ತಡ ಕಡಿಮೆ ಸಾಕು. ಇದನ್ನ ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸಕುರಾ ಕಂಪನಿ, 1984ರಲ್ಲಿ. ಜೆಲ್ ಮಾಡೋಕೆ ಅವರಿಗೆ ಕೊನೆಗೆ ಒದಗಿಬಂದದ್ದು ಕ್ಸಾಂಥನ್ ಗಮ್. ಇವತ್ತು ಐಸ್‌ಕ್ರೀಮ್, ಸಾಸ್ ಪ್ಯಾಕೆಟ್‌ಗಳ ಹಿಂದೆ ಹೆಸರು ಕಾಣುತ್ತಲ್ಲ, ಅದೇ ಗಮ್.

ಜೆಲ್‌ಗೆ ಖರ್ಚೂ ಇದೆ. ಇಂಕು ಧಾರಾಳವಾಗಿ ಇಳಿಯೋದರಿಂದ ಬಾಲ್‌ಪೆನ್ನಿಗಿಂತ ಬೇಗ ಖಾಲಿ ಆಗುತ್ತೆ. ಅಂದ್ರೆ ರಿಫಿಲ್ ಮತ್ತೆ ಮತ್ತೆ ಬೇಕು. ಅಂದ್ರೆ ಬಾಡಿ ಉಳಿಸಿಕೊಳ್ಳೋದಕ್ಕೆ ಅರ್ಥ ಇದೆ.

ಹಾಗಾದ್ರೆ ಆ ಪ್ಲಾಸ್ಟಿಕ್ ಪೆನ್ನನ್ನೇ ಅಮ್ಮನಿಗೆ ಕೊಟ್ಟು ಬರಬಹುದಿತ್ತಲ್ಲ? ಕೊಟ್ಟೆ. ಮೂರು ವಾರ ಬರೆದ್ರು. ಫೋನಲ್ಲಿ ನಿಧಾನಕ್ಕೆ ಒಂದು ಮಾತು ಬಂತು: "ಪೆನ್ನು ಚೆನ್ನಾಗಿದೆ ಕಣೇ. ಆದ್ರೆ ಸಂಘದ ಸಭೆಯಲ್ಲಿ ಮಕ್ಕಳ ಪೆನ್ನು ಹಿಡ್ಕೊಂಡ ಹಾಗಿರುತ್ತೆ. ನನ್ನ ಹೆಸರಿನ ಪೆನ್ನಿಗೇ ಈ ಕಡ್ಡಿ ಹಾಕೋಕೆ ಬರಲ್ವಾ?"

ನಮ್ಮ ಕಡೆ ರಿಫಿಲ್‌ಗೆ ಕಡ್ಡಿ ಅಂತಾನೇ ಅನ್ನೋದು. ಬರುತ್ತೆ ಬಿಡಮ್ಮ, ಅಂದೆ. ಗೊತ್ತಿಲ್ಲದೆ ಅಂದೆ.

ಎರಡು 'ಜಿ2'ಗಳ ಗೋಜಲು

ಬರಲಿಲ್ಲ. ಅಮ್ಮನ ಉಡುಗೊರೆ ಪೆನ್ನು ಪಾರ್ಕರ್ ಅಳತೆಯ ರಿಫಿಲ್‌ದು. ಪಾರ್ಕರ್ ಕಂಪನಿ 1954ರಲ್ಲಿ ಜಾಟರ್ ಅನ್ನೋ ಪೆನ್ನು ತಂತು, ಅದರ ದಪ್ಪ, ಗಿಡ್ಡ ರಿಫಿಲ್ಲಿನ ಆಕಾರವೇ ಮುಂದೆ ಜಗತ್ತಿನ ಒಂದು ಸ್ಟ್ಯಾಂಡರ್ಡ್ ಆಯ್ತು. ಉದ್ದ ಸುಮಾರು 98 ಮಿ.ಮೀ. ಐಎಸ್‌ಒ 12757 ಅನ್ನೋ ಮಾನದಂಡದಲ್ಲಿ ಈ ಅಳತೆಯ ಹೆಸರು ಜಿ2.

ನನ್ನ ಎನರ್‌ಜೆಲ್ ರಿಫಿಲ್ ಸುಮಾರು 111 ಮಿ.ಮೀ. ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಉದ್ದ. ಪೆನ್ನು ಮುಚ್ಚೋಕೇ ಆಗಲ್ಲ.

ಸರಿ, ಅದೇ ಥರದ ಇನ್ನೊಂದು ಬಾಡಿ ತರಿಸೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ನನ್ನ ರಿಫಿಲ್ ಪೈಲಟ್ ಜಿ2 ರಿಫಿಲ್ ಕೂರೋ ಬಾಡಿಗಳಲ್ಲಿ ಸಾಮಾನ್ಯವಾಗಿ ಕೂರುತ್ತೆ ಅಂತ ಓದಿದ್ದೆ. ಅದು ನಿಜವೇ. ಪೈಲಟ್ ಜಿ2, ಪೆಂಟೆಲ್ ಎನರ್‌ಜೆಲ್, ಯೂನಿಬಾಲ್ ಸಿಗ್ನೋ 207, ಝೀಬ್ರಾ ಸರಸಾ, ಈ ನಾಲ್ಕರ ರಿಫಿಲ್ಲುಗಳು ಅಣ್ಣತಮ್ಮಂದಿರಂತೆ, ಹೆಚ್ಚೂಕಡಿಮೆ ಒಂದೇ ಮೈಕಟ್ಟು. ಒಂದು ಚೆಂದದ ಲೋಹದ ಪೆನ್ನಿನ ಕೆಳಗೆ 'ಜಿ2 ರಿಫಿಲ್‌ಗೆ ಹೊಂದುತ್ತದೆ' ಅಂತ ಬರೆದಿತ್ತು. ಆರ್ಡರ್ ಒತ್ತಿದೆ.

ಬಂದಿದ್ದು ಪಾರ್ಕರ್ ಅಳತೆಯ ಬಾಡಿ.

ತಪ್ಪು ಪೂರ್ತಿ ಅವರದ್ದೂ ಅಲ್ಲ. ಜಿ2 ಅನ್ನೋದು ಒಂದು ಅಳತೆಯ ಹೆಸರೂ ಹೌದು, ಪೈಲಟ್ ಕಂಪನಿಯ ಒಂದು ಜೆಲ್ ಪೆನ್ನಿನ ಹೆಸರೂ ಹೌದು. ಎರಡಕ್ಕೂ ಸಂಬಂಧ ಇಲ್ಲ. ಆದ್ರೆ ಆ ಮಾರಾಟಗಾರರು ರಿಟರ್ನ್ ತಗೊಳ್ಳಲಿಲ್ಲ. ಪುಟದಲ್ಲಿ ಬರೆದಿದ್ದೇ ಕಳಿಸಿದ್ದೀವಿ ಅಂದ್ರು. ಹಾಗಾಗಿ ಮೊದಲನೇ ಪಾಠ: 'ಜಿ2' ಅಂತ ಕಂಡರೆ, 98 ಮಿ.ಮೀ. ಜಿ2ನಾ, 111 ಮಿ.ಮೀ. ಜಿ2ನಾ ಅಂತ ಕೇಳಿ. ಮಿ.ಮೀ. ಹೇಳೋಕೆ ಬರದೇ ಇರೋರ ಹತ್ತಿರ ಪೆನ್ನು ತಗೋಬೇಡಿ.

ನಾಲ್ಕು ಅಳತೆಗಳು

ಆಮೇಲೆ ಎಸ್‌.ಪಿ. ರೋಡಿಗೆ ಹೋಗಿ ಒಂದು ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ತಂದೆ. ಪಿಯುಸಿಯಲ್ಲಿ ಕಾಮರ್ಸ್ ತಗೊಂಡಿದ್ದೇ ಇಂಥವನ್ನ ತಪ್ಪಿಸಿಕೊಳ್ಳೋಕೆ. ಆದರೂ ತಂದೆ. ನಿಮ್ಮ ಇಷ್ಟದ ರಿಫಿಲ್ ಯಾವುದೇ ಇರಲಿ, ಇವಿಷ್ಟನ್ನ ಅಳೀರಿ.

ಒಂದು, ಒಟ್ಟು ಉದ್ದ. ಮೊನೆಯಿಂದ ಬಾಲದ ತನಕ.

ಎರಡು, ಹೊಟ್ಟೆಯ ದಪ್ಪ. ಈ ಜಪಾನಿ ಜೆಲ್ ರಿಫಿಲ್‌ಗಳದ್ದು ಸುಮಾರು 6 ಮಿ.ಮೀ. ನಮ್ಮ ಮಾಮೂಲಿ ತೆಳ್ಳನೆಯ ಬಾಲ್‌ಪೆನ್ ಕಡ್ಡಿಗೆ ಮಾಡಿದ ಬಾಡಿಯೊಳಗೆ ಇದು ಇಳಿಯೋ ಮಾತೇ ಇಲ್ಲ.

ಮೂರು, ಮೊನೆಯ ದಪ್ಪ. ಪೆನ್ನಿನ ತುದಿಯ ತೂತು ಇದಕ್ಕಿಂತ ಕೂದಲೆಳೆಯಷ್ಟು ಮಾತ್ರ ದೊಡ್ಡದಿರಬೇಕು. ಜಾಸ್ತಿ ದೊಡ್ಡದಿದ್ರೆ ಬರೆಯುವಾಗ ಟಿಕ್ ಟಿಕ್ ಅಂತ ಅಲ್ಲಾಡುತ್ತೆ. ಸೂಜಿ ಮೊನೆಯದ್ದೂ ಶಂಕುವಿನ ಮೊನೆಯದ್ದೂ ಬೇರೆ ಬೇರೆ ಅನ್ನೋದು ನೆನಪಿರಲಿ. ಒಂದೇ ಕಂಪನಿಯದ್ದಾದ್ರೂ ಅಷ್ಟೇ.

ನಾಲ್ಕು, ಭುಜ. ಅಂದ್ರೆ ಮೊನೆಯಿಂದ ಎಷ್ಟು ದೂರಕ್ಕೆ ರಿಫಿಲ್ ದಪ್ಪ ಆಗೋಕೆ ಶುರುವಾಗುತ್ತೆ ಅನ್ನೋದು. ಟಿಕ್ ಅಂತ ಒತ್ತೋ ಪೆನ್ನಾದ್ರೆ ಸ್ಪ್ರಿಂಗ್ ಕೂರೋದು ಅಲ್ಲೇ. ಉದ್ದ, ದಪ್ಪ ಎರಡೂ ಸರಿಯಿದ್ದು ಇದೊಂದು ತಪ್ಪಿದ್ರೆ ಮೊನೆ ಹೊರಗೇ ಬರಲ್ಲ, ಇಲ್ಲ ಒಳಗೇ ಹೋಗಲ್ಲ.

ಉದ್ದ ಒಂದು ಚೂರು ಕಡಿಮೆ ಬಿದ್ರೆ ಚಿಂತೆಯಿಲ್ಲ. ಹಳೇ ರಿಫಿಲ್ಲಿನ ಖಾಲಿ ಕೊಳವೆಯಿಂದ ಎರಡು ಮೂರು ಮಿ.ಮೀ. ತುಂಡು ಕತ್ತರಿಸಿ ಹಿಂದೆ ಇಡಿ. ಮೊನೆ ಅಲ್ಲಾಡಿದ್ರೆ ತೆಳು ಟೇಪ್ ಒಂದು ಸುತ್ತು. ಉದ್ದ ಜಾಸ್ತಿಯಾದ್ರೆ ಬಾಲದ ಪ್ಲಾಸ್ಟಿಕ್ ಕತ್ತರಿಸಬಹುದು, ಆದ್ರೆ ಇಲ್ಲಿ ಹುಷಾರು. ಜೆಲ್ ಇಂಕಿನ ಹಿಂದೆ ಪಾರದರ್ಶಕವಾದ ಗ್ರೀಸ್ ಥರದ್ದೊಂದು ಪದರ ಇರುತ್ತೆ. ಇಂಕು ಹಿಂದಕ್ಕೆ ಸೋರದ ಹಾಗೆ, ಒಣಗದ ಹಾಗೆ ಅದು ಕಾಯೋದು. ಅದರವರೆಗೆ ಕತ್ತರಿ ಹೋಗಬಾರದು. ಇನ್ನೊಂದು, ಹಿಂಭಾಗವನ್ನ ಗಮ್ ಹಾಕಿ ಮುಚ್ಚಬೇಡಿ. ಇಂಕು ಮುಂದಕ್ಕೆ ಇಳಿದಷ್ಟೂ ಹಿಂದಿನಿಂದ ಗಾಳಿ ಬರಬೇಕು. ಮುಚ್ಚಿದ್ರೆ ನಾಲ್ಕು ಸಾಲಿಗೆ ಪೆನ್ನು ನಿಲ್ಲುತ್ತೆ, ನೀವು ರಿಫಿಲ್ ಕೆಟ್ಟಿದೆ ಅಂದ್ಕೊಂಡು ಬಿಸಾಕ್ತೀರಿ. ನಾನು ಒಂದನ್ನ ಹಾಗೇ ಬಿಸಾಕಿದ್ದೀನಿ.

ಈ ಕತ್ತರಿಸೋ ಹುಚ್ಚು ನಮ್ಮಿಬ್ಬರಿಗೇ ಅಂತ ಅಂದ್ಕೋಬೇಡಿ. ಮಾಂಟ್‌ ಬ್ಲಾಂಕ್ ರೋಲರ್‌ಬಾಲ್ ಅಂದ್ರೆ ಹತ್ತಾರು ಸಾವಿರ ರೂಪಾಯಿಯ ಪೆನ್ನು. ಅದರೊಳಗೆ ಪೈಲಟ್ ಜಿ2 ರಿಫಿಲ್ಲಿನ ಬಾಲ ಸ್ವಲ್ಪ ಕತ್ತರಿಸಿ ಹಾಕ್ಕೊಂಡು ಬರೆಯೋರು ಪ್ರಪಂಚದ ತುಂಬ ಇದ್ದಾರೆ. 2011ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಚೆ-ವೇ ವಾಂಗ್ ಮತ್ತು ಟೇಲರ್ ಲೆವಿ ಅನ್ನೋ ಇಬ್ಬರು ಡಿಸೈನರ್‌ಗಳು ಪೈಲಟ್ ಹೈ-ಟೆಕ್-ಸಿ ಅನ್ನೋ ಪುಟ್ಟ ಜೆಲ್ ರಿಫಿಲ್ಲಿಗೋಸ್ಕರ ಒಂದು ಸ್ಟೀಲ್ ಬಾಡಿ ಮಾಡಿ, 'ಪೆನ್ ಟೈಪ್-ಎ' ಅಂತ ಹೆಸರಿಟ್ಟು ಕಿಕ್‌ಸ್ಟಾರ್ಟರ್‌ನಲ್ಲಿ ಹಾಕಿದ್ರು. ಅವರು ಕೇಳಿದ್ದು 2,500 ಡಾಲರ್. ಬಂದಿದ್ದು 2 ಲಕ್ಷ 80 ಸಾವಿರ ಡಾಲರ್‌ಗೂ ಜಾಸ್ತಿ. ರಿಫಿಲ್ ಇಷ್ಟ, ಅದರ ಪ್ಲಾಸ್ಟಿಕ್ ಅಂಗಿ ಇಷ್ಟ ಇಲ್ಲ ಅನ್ನೋ ಜನ ಅಷ್ಟೊಂದಿದ್ರು.

ಅವೆನ್ಯೂ ರೋಡಿನ ಬುದ್ಧಿಮಾತು

ಒಂದು ಶನಿವಾರ ರಿಫಿಲ್ಲನ್ನ ಜೇಬಲ್ಲಿಟ್ಟುಕೊಂಡು ಅವೆನ್ಯೂ ರೋಡಿಗೆ ಹೋದೆ. ಸ್ಟೇಷನರಿ ಅಂಗಡಿಗಳ ಸಾಲು ಗೊತ್ತಲ್ಲ, ಒಳಗೆ ಹೋದಷ್ಟೂ ಇನ್ನೊಂದು ಅಂಗಡಿ. ನಾಲ್ಕು ಕಡೆ "ಅದಕ್ಕೆ ಅದರದ್ದೇ ಪೆನ್ನು ತಗೊಳ್ಳಿ ಮೇಡಂ" ಅಂದ್ರು. ಐದನೇ ಅಂಗಡಿಯಲ್ಲಿ ಒಬ್ಬರು ವಯಸ್ಸಾದವರು ರಿಫಿಲ್ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿದ್ರು.

"ನೀವು ಬಾಲ್‌ಪೆನ್ ಕಪಾಟಲ್ಲಿ ಹುಡುಕ್ತಿದ್ದೀರಿ. ರೋಲರ್ ಕಪಾಟು ನೋಡಿ" ಅಂದ್ರು.

ಆ ಒಂದು ಮಾತಿಗೆ ನಾನು ಎರಡು ತಿಂಗಳು ಅಲೆದಿದ್ದೆ. ಮುಚ್ಚಳ ಇರೋ ರೋಲರ್‌ಬಾಲ್ ಪೆನ್ನುಗಳಿವೆಯಲ್ಲ, ಗಿಫ್ಟ್ ಸೆಟ್‌ಗಳಲ್ಲಿ ಬಾಲ್‌ಪೆನ್ನಿನ ಪಕ್ಕ ಮಲಗಿರುತ್ತವಲ್ಲ, ಅವುಗಳ ಸ್ಟ್ಯಾಂಡರ್ಡ್ ರಿಫಿಲ್ ಸುಮಾರು 110 ಮಿ.ಮೀ. ಉದ್ದ, 6 ಮಿ.ಮೀ. ಆಸುಪಾಸಿನ ದಪ್ಪ. ಅಂದ್ರೆ ನಮ್ಮ ಜೆಲ್ ರಿಫಿಲ್ಲಿನ ಅಳತೆಗೆ ತುಂಬ ಹತ್ತಿರ. ಎಲ್ಲ ಪೆನ್ನಿಗೂ ಕೂರಲ್ಲ, ಮೊನೆಯ ತೂತು ನೋಡಲೇಬೇಕು. ಆದ್ರೆ ಹುಡುಕಬೇಕಾದ ಕಪಾಟು ಅದೇ. ಸಾಮಾನ್ಯವಾಗಿ ಸ್ಪ್ರಿಂಗಿನ ತಲೆನೋವೂ ಕಡಿಮೆ.

ಅವರು ಕಪಾಟಿನಿಂದ ಏಳೆಂಟು ಪೆನ್ನು ಇಳಿಸಿ ಒಂದೊಂದಕ್ಕೂ ನನ್ನ ರಿಫಿಲ್ ಹಾಕಿ ನೋಡಿದ್ರು. ಮೂರಕ್ಕೆ ಕೂತಿತು. ಅದರಲ್ಲೊಂದು ಹಿತ್ತಾಳೆಯದ್ದು. ಕಪ್ಪು ಬಣ್ಣ, ಅಂಚಿನಲ್ಲಿ ಹಿತ್ತಾಳೆ ಮಿನುಗು, ಮುಚ್ಚಳ ತಿರುಗಿಸಿದ್ರೆ ರೇಷ್ಮೆಯ ಹಾಗೆ. 1,450 ರೂಪಾಯಿ. "ಯಾರಿಗೆ?" ಅಂದ್ರು. ಅಮ್ಮನಿಗೆ ಅಂದೆ. "ತೂಕ ಇದೆ ನೋಡಿ" ಅಂದ್ರು. ತೂಕ ಇದ್ರೆ ರಿಚ್ ಅಲ್ವಾ ಅಂದ್ಕೊಂಡು ಪ್ಯಾಕ್ ಮಾಡಿಸಿದೆ.

ಅಮ್ಮ ಡಬ್ಬಿ ತೆಗೆದು, "ಅಯ್ಯೋ ಎಷ್ಟು ಚೆನ್ನಾಗಿದೆ" ಅಂತ ಬೆರಳಲ್ಲಿ ಸವರಿದ್ರು. ಪುಸ್ತಕ ತೆಗೆದು ಬರೆದ್ರು. ಅರ್ಧ ಪುಟ. ಆಮೇಲೆ ಪೆನ್ನು ಕೆಳಗಿಟ್ಟು, ಮಾತಾಡ್ತಾ ಮಾತಾಡ್ತಾ ಎಡಗೈಯಿಂದ ಬಲಗೈ ಹೆಬ್ಬೆರಳು ಒತ್ತಿಕೊಂಡ್ರು. ನನಗೆ ಕಾಣಬಾರದು ಅಂತ ಸೆರಗಿನ ಕೆಳಗೆ.

ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಹಿತ್ತಾಳೆ ಪೆನ್ನು 46 ಗ್ರಾಂ. ನನ್ನ ಪ್ಲಾಸ್ಟಿಕ್ ಪೆನ್ನು 12. ಮುಚ್ಚಳವನ್ನ ಹಿಂದಕ್ಕೆ ಸಿಕ್ಕಿಸಿದ್ರೆ ಭಾರ ಎಲ್ಲ ಹಿಂದಕ್ಕೆ ಜಗ್ಗುತ್ತೆ, ಅದನ್ನ ತಡೆಯೋಕೆ ಬೆರಳು ಇನ್ನೂ ಬಿಗಿ ಹಿಡೀಬೇಕು. ಫಿಸಿಯೋ ಹೇಳಿದ ಮೂರು ಮಾತಲ್ಲಿ ನಾನು ಮರೆತದ್ದು ಇದು. ರಿಫಿಲ್ ಅಮ್ಮನ ಕೈಗೆ ನೋಡಿದೆ, ಬಾಡಿಯನ್ನ ಮಾತ್ರ ನನ್ನ ಕಣ್ಣಿಗೆ ಆರಿಸಿದ್ದೆ. ಚೆಂದ ಅಂದ್ರೆ ಭಾರ, ಹೊಳಪು, ರೇಟು ಅಂತ ನನ್ನ ತಲೆಯಲ್ಲಿ ಯಾವಾಗಲೋ ಕೂತುಬಿಟ್ಟಿತ್ತು.

ಚನ್ನಪಟ್ಟಣದ ಲೇತಿನ ಮುಂದೆ

ವಾಪಸ್ ಬರುವಾಗ ಚನ್ನಪಟ್ಟಣದಲ್ಲಿ ಇಳಿದೆ. ಹೊಸ ಎಕ್ಸ್‌ಪ್ರೆಸ್‌ವೇ ಊರ ಹೊರಗಿಂದ ಹೋಗುತ್ತೆ, ನಾನು ಹಳೇ ರಸ್ತೆಯ ಬಸ್ಸು ಹತ್ತಿದ್ದೆ. ಬೊಂಬೆ ಅಂಗಡಿಗಳಲ್ಲಿ ಅರಗಿನ ಬಣ್ಣದ ಮರದ ಪೆನ್ನುಗಳನ್ನ ಚಿಕ್ಕಂದಿನಿಂದ ನೋಡಿದ್ದೆ. ಕೈಗೆ ತಗೊಂಡ್ರೆ ಹಗುರ, ಹಿಡಿಯೋಕೆ ದಪ್ಪ. ಆದ್ರೆ ಬಿಚ್ಚಿ ನೋಡಿದ್ರೆ ಒಳಗಿರೋ ತೂತು ತೆಳ್ಳನೆಯ ಬಾಲ್‌ಪೆನ್ ಕಡ್ಡಿಗೆ ಮಾಡಿದ್ದು.

ಅಂಗಡಿಯವರು ಹಿಂದಿನ ಬೀದಿಯ ಒಬ್ಬ ಕುಶಲಕರ್ಮಿಯ ಹತ್ತಿರ ಕಳಿಸಿದ್ರು. ಪುಟ್ಟ ಕೋಣೆ, ಒಂದು ಲೇತು, ನೆಲದ ತುಂಬ ಮರದ ಸಿಪ್ಪೆ. ನಾನು ಕ್ಯಾಲಿಪರ್ ತೆಗೆದು ಮಿ.ಮೀ. ಹೇಳೋಕೆ ಶುರು ಮಾಡಿದೆ. ಅವರು "ಕಡ್ಡಿ ಕೊಡಿ ಇಲ್ಲಿ" ಅಂತ ರಿಫಿಲ್ ಇಸ್ಕೊಂಡು, ಡ್ರಿಲ್ ಬಿಟ್‌ಗಳ ಡಬ್ಬಿಯಲ್ಲಿ ಒಂದೊಂದೇ ಪಕ್ಕದಲ್ಲಿಟ್ಟು ಕಣ್ಣಲ್ಲೇ ಆರಿಸಿದ್ರು. ಅವರ ಕಣ್ಣು, ನನ್ನ ಮೆಷಿನ್ನು, ಎರಡೂ ಒಂದೇ ಸೈಜು ಹೇಳಿದ್ವು.

ಕೆಲಸ ಹೀಗೆ. ಹಾಲೆ ಮರದ ಒಂದು ತುಂಡು. ಹಿಂದಿನಿಂದ ದೊಡ್ಡ ತೂತು, ತುದಿಯಲ್ಲಿ ಮೊನೆಯಷ್ಟೇ ಸಣ್ಣ ತೂತು. ರಿಫಿಲ್ ಹಿಂದಿನಿಂದ ಇಳಿದು ಭುಜದ ಹತ್ತಿರ ನಿಲ್ಲುತ್ತೆ. ಹಿಂದೆ ಒಂದು ಮರದ ಬಿರಡೆ, ಮುಂದೆ ಒಂದು ಮುಚ್ಚಳ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಹೊರಮೈ ಸವರಿ ಆದ್ಮೇಲೆ ತಿರುಗ್ತಾ ಇರೋ ಮರಕ್ಕೆ ಅರಗಿನ ಕಡ್ಡಿಯನ್ನ ಒತ್ತಿ ಹಿಡಿದ್ರು. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಕೊನೆಗೆ ತಾಳೆಗರಿಯಲ್ಲಿ ತಿಕ್ಕಿದ್ರೆ ಹೊಳಪು. ಬೊಂಬೆಗೆ ಮಾಡೋದೇ, ಪೆನ್ನಿಗೂ ಅದೇ.

ಮೊದಲನೇದ್ದು ಹಾಳಾಯ್ತು. ತೂತು ಒಂದು ಬದಿಗೆ ಸರಿದು, ತುದಿ ಸೀಳಿತು. ಅವರು ಬೇಜಾರೇ ಮಾಡ್ಕೊಳ್ಳದೆ ಅದನ್ನ ಮೂಲೆಗೆಸೆದು ಇನ್ನೊಂದು ತುಂಡು ಕಟ್ಟಿದ್ರು. "ಎಂಥ ಕೈಗೆ?" ಅಂತ ಕೇಳಿದ್ರು. ನನಗೆ ಅರ್ಥ ಆಗಲಿಲ್ಲ. "ಬರೆಯೋರ ಕೈ ಸಣ್ಣದಾ, ದೊಡ್ಡದಾ?" ಪೆನ್ನು ಹುಡುಕೋಕೆ ಶುರು ಮಾಡಿ ಐದು ತಿಂಗಳಾಗಿತ್ತು. ಅಂಗಡಿ, ಆನ್‌ಲೈನ್ ಎಲ್ಲ ಸೇರಿ ಈ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಸಣ್ಣ ಕೈ, ಹೆಬ್ಬೆರಳು ನೋವು, ಅಂದೆ. ಹಿಡಿಯೋ ಜಾಗದಲ್ಲಿ ಒಂಚೂರು ಉಬ್ಬು ಬಿಟ್ಟು, ಅದರ ಕೆಳಗೆ ಬೆರಳು ಕೂರೋ ಹಾಗೆ ತಗ್ಗು ಮಾಡಿದ್ರು. ಕಡು ಕೆಂಪು ಬಣ್ಣ, ಮುಚ್ಚಳದ ಅಂಚಿಗೆ ತೆಳು ಹಳದಿ ಗೆರೆ. ತೂಗಿದಾಗ ರಿಫಿಲ್ ಸೇರಿ 17 ಗ್ರಾಂ.

ಅವರು ಕೇಳಿದ್ದು 350 ರೂಪಾಯಿ. ಹಾಳಾದ ತುಂಡಿನ ದುಡ್ಡು ಬೇಡ ಅಂದ್ರು. 600 ಕೊಟ್ಟು ಬಂದೆ. ಎರಡು ಗಂಟೆ ಒಬ್ಬ ನುರಿತ ಕೆಲಸಗಾರ ನನಗೊಬ್ಬಳಿಗೇ ಅಂತ ಮಾಡಿದ ಕೆಲಸ ಅದು. ಹಿತ್ತಾಳೆ ಪೆನ್ನಿನ ಅಂಗಡಿಯಲ್ಲಿ ನಾನು ಚೌಕಾಸಿಯನ್ನೇ ಮಾಡಿರಲಿಲ್ಲ, ಇಲ್ಲಿ ಮಾಡೋಕೆ ನಾಚಿಕೆ ಆಯ್ತು.

ಲೆಕ್ಕ ಏನು ಹೇಳುತ್ತೆ?

ನಾನು ಕಾಮರ್ಸ್ ಓದಿದವಳು, ಲೆಕ್ಕ ಹೇಳದಿದ್ರೆ ನಿಮಗೂ ಸಮಾಧಾನ ಇರಲ್ಲ. ತಿಂಗಳಿಗೊಂದು ಜೆಲ್ ಪೆನ್ನು ಖಾಲಿ ಮಾಡೋರು ಅಂದ್ಕೊಳ್ಳಿ. ಹೊಸ ಪೆನ್ನಿನ ಬದಲು ರಿಫಿಲ್ ತಗೊಂಡ್ರೆ ಸಲಕ್ಕೆ 30 ರೂಪಾಯಿ ಉಳಿಯುತ್ತೆ ಅಂದ್ಕೊಂಡ್ರೆ, 600 ರೂಪಾಯಿಯ ಬಾಡಿ ದುಡ್ಡು ವಾಪಸ್ ಬರೋಕೆ 20 ತಿಂಗಳು. 1,450 ರೂಪಾಯಿಯದ್ದಕ್ಕೆ ನಾಲ್ಕು ವರ್ಷ. ಹಾಗಾಗಿ ಉಳಿತಾಯಕ್ಕೆ ಅಂತ ಈ ಕೆಲಸಕ್ಕೆ ಇಳೀಬೇಡಿ. ಮೂರು ವರ್ಷಕ್ಕೆ 36 ಪ್ಲಾಸ್ಟಿಕ್ ಬಾಡಿ ಕಸಕ್ಕೆ ಹೋಗೋದು ತಪ್ಪುತ್ತೆ, ಅದೊಂದು ನಿಜವಾದ ಲಾಭ. ಇನ್ನೊಂದು, ಬಾಡಿ ಮಾಡಿಸೋ ಮುಂಚೆ ಆ ರಿಫಿಲ್ ನಿಮ್ಮೂರಲ್ಲಿ ಸಿಗುತ್ತಾ ನೋಡಿ. ಮದ್ದೂರಲ್ಲಿ ನಮ್ಮದು ಸಿಗಲ್ಲ. ನಾನೇ ಆರು ಆರು ತಗೊಂಡು ಹೋಗಿ ಕೊಡ್ತೀನಿ. ಆಗ ಹೇಳಿದ ನಾಲ್ಕು ಅಣ್ಣತಮ್ಮಂದಿರ ಅಳತೆಗೆ ಬಾಡಿ ಮಾಡಿಸೋದರ ಲಾಭ ಇಲ್ಲೇ ಇರೋದು: ಒಂದು ಸಿಗದಿದ್ರೆ ಇನ್ನೊಂದು. ಚೆಕ್ಕು, ಪತ್ರ ಬರೆಯೋರಾದ್ರೆ ಯೂನಿಬಾಲ್ ಸಿಗ್ನೋ 207 ಥರ ಪಿಗ್ಮೆಂಟ್ ಇಂಕಿನದ್ದು ನೋಡಿ, ನೀರು ಬಿದ್ದರೂ ಅಳಿಸೋದು ಕಷ್ಟ.

ಮತ್ತೆ ಅಮ್ಮ?

ಯುಗಾದಿ ಬಂತು, ಹೋಯ್ತು. ಪುಸ್ತಕ ಇನ್ನೂ ಅಮ್ಮನ ಹತ್ತಿರವೇ ಇದೆ. ಪೆನ್ನಿನಿಂದ ನೋವು ವಾಸಿ ಆಯ್ತು ಅಂತ ನಾನು ಹೇಳಲ್ಲ. ಸವೆದ ಕೀಲು ಸವೆದೇ ಇರುತ್ತೆ. ಚಳಿಗಾಲದ ಬೆಳಗ್ಗೆ ಎರಡು ಸಾಲಿಗೆ ಕೈ ನಿಲ್ಲುತ್ತೆ. ಹಾಗಾಗಿ ಸಂಘದ ಒಬ್ಬ ಹುಡುಗಿಗೆ, ಪಿಯುಸಿ ಓದಿದವಳು, ಲೆಕ್ಕ ಬರೆಯೋದು ಕಲಿಸ್ತಾ ಇದ್ದಾರೆ. ಉಳಿತಾಯದ ಪಟ್ಟಿ ಅವಳು ಬರೀತಾಳೆ, ನಡಾವಳಿ ಅಮ್ಮ ಬರೀತಾರೆ. ಕೈಲಾಗಲ್ಲ ಅಂತ ಬಿಟ್ಟುಕೊಡೋದಕ್ಕೂ ಕಲಿಸಿ ಒಪ್ಪಿಸೋದಕ್ಕೂ ವ್ಯತ್ಯಾಸ ಇದೆ. ಅಮ್ಮ ಟೀಚರ್ ಅಲ್ವಾ, ಎರಡನೇದ್ದು ಅವರಿಗೆ ಬರುತ್ತೆ.

ಪೆನ್ನಿನಲ್ಲೂ ತಕರಾರಿದೆ. ಬೇಸಿಗೆಯಲ್ಲಿ ಮರ ಒಣಗಿ ಮುಚ್ಚಳ ಸಡಿಲ ಆಗುತ್ತೆ. ಅಮ್ಮ ಅದಕ್ಕೆ ಒಳಗಡೆ ನೂಲು ಸುತ್ತಿಕೊಂಡಿದ್ದಾರೆ. ಸಭೆಯಲ್ಲಿ ಯಾರೋ "ಬೊಂಬೆ ಥರ ಇದೆಯಲ್ಲ ಟೀಚರ್, ಎಲ್ಲಿ ತಗೊಂಡ್ರಿ" ಅಂತ ಕೇಳಿದ್ರಂತೆ. ಮಗಳು ಅಳತೆ ಕೊಟ್ಟು ಮಾಡಿಸಿದ್ದು ಅಂದ್ರಂತೆ. ಅಳತೆ ನಿಜವಾಗಿ ತಗೊಂಡಿದ್ದು ಯಾರ ಕಣ್ಣು ಅಂತ ನಿಮಗೆ ಗೊತ್ತು.

ಹೆಸರು ಕೆತ್ತಿದ ಪೆನ್ನಿನ ವಿಷಯ ಮರೆತಿಲ್ಲ. 98 ಮಿ.ಮೀ. ಪಾರ್ಕರ್ ಅಳತೆಯಲ್ಲೂ ಜೆಲ್ ರಿಫಿಲ್ ಸಿಗುತ್ತೆ, ಪಾರ್ಕರ್ ಕಂಪನಿಯದ್ದೇ ಇದೆ, ಬೇರೆಯವರದ್ದೂ ಇದೆ. ಏನೂ ಕತ್ತರಿಸದೆ ನೇರ ಒಳಗೆ ಹೋಯ್ತು. ನನ್ನ ರಿಫಿಲ್ಲಿನಷ್ಟು ನುಣುಪಲ್ಲ, ಪೆನ್ನು ಸ್ವಲ್ಪ ಭಾರವೇ. ಆದರೆ ವರ್ಷದ ಕೊನೆಗೆ ಸಂಘದ ಲೆಕ್ಕ ಮುಗಿಸಿ ಕೆಳಗೆ ಸಹಿ ಹಾಕ್ತಾರಲ್ಲ, ಒಂದೇ ಒಂದು ಸಹಿ, ಅದಕ್ಕೆ ಅಮ್ಮ ವೆಲ್ವೆಟ್ ಡಬ್ಬಿ ತೆಗೀತಾರೆ. ಹಿತ್ತಾಳೆ ಪೆನ್ನು ನನ್ನ ಟೇಬಲ್ ಮೇಲಿದೆ, ಫ್ಯಾನ್ ಗಾಳಿಗೆ ಕಾಗದ ಹಾರದ ಹಾಗೆ ಕಾಯ್ತಾ ಇದೆ.

ನಿಮ್ಮ ಮನೆಯಲ್ಲೂ ಒಂದು ಗಿಫ್ಟ್ ಪೆನ್ನು ಬೀರುವಿನಲ್ಲಿ ಮಲಗಿರುತ್ತೆ. ಇವತ್ತು ತೆಗೆದು, ಬಿಚ್ಚಿ, ಒಳಗಿನ ಕಡ್ಡಿಯನ್ನ ಸ್ಕೇಲಿನ ಪಕ್ಕ ಇಟ್ಟು ನೋಡಿ. 98 ಬಂದ್ರೆ ಒಂದು ದಾರಿ, 110 ಬಂದ್ರೆ ಇನ್ನೊಂದು ದಾರಿ. ಆಮೇಲೆ ಅದರಲ್ಲಿ ಬರೆಯೋರು ಯಾರೋ, ಅವರ ಕೈಯನ್ನ ಒಮ್ಮೆ ನೋಡಿ.

ಮುಂದಿನ ವಾರ ಮತ್ತೆ ದುಡ್ಡಿನ ವಿಷಯಕ್ಕೆ ಬರ್ತೀನಿ. ಬಾಡಿಗೆ ಕರಾರು ಪತ್ರದಲ್ಲಿ ಏನೇನು ಓದಬೇಕು ಅಂತ. ಅಲ್ಲಿಯವರೆಗೆ, ನಮಸ್ಕಾರ.